ಗೋಡೆಗೆ ಮುಟ್ಟದ ಮೀಟರ್ ಸ್ಟ್ಯಾಂಡ್: ನನ್ನ ಅನುಭವ

ಎರಡು ಮನೆಗೆ ಒಂದೇ ಕಾಂಪೌಂಡ್ ಗೋಡೆ. ಅದರಲ್ಲಿ ಒಬ್ಬರ ಕರೆಂಟ್ ಮೀಟರ್ ಬಾಕ್ಸ್. ಈ ಕೆಲಸವನ್ನು ನಮ್ಮ ವೈರಿಂಗ್ ಲೈನಿನವರು ಯಾರೂ ಖುಷಿಯಿಂದ ಒಪ್ಪುವುದಿಲ್ಲ, ಅಲ್ವಾ? ಬೆಳಿಗ್ಗೆ ಡ್ರಿಲ್ ಇಟ್ಟರೆ ಮಧ್ಯಾಹ್ನಕ್ಕೆ ಗಲಾಟೆ. 2020ರ ಆಸುಪಾಸಿನಿಂದ ನಾನು ಇಂಥ ಕಡೆ ಗೋಡೆ ಮುಟ್ಟುವುದನ್ನೇ ಬಿಟ್ಟಿದ್ದೇನೆ. ಮೀಟರಿಗೆ ಪ್ರತ್ಯೇಕ ಸ್ಟ್ಯಾಂಡ್ ಕೊಡುತ್ತೇನೆ. ಶುರುವಿನಲ್ಲಿ "ಗಾಳಿಗೆ ಅಲ್ಲಾಡ್ತದೆ ಮಾರಾಯ್ರೆ" ಅಂದವರು ಇದ್ದರು, "ಇದೆಲ್ಲ ಪಾಸ್ ಆಗ್ಲಿಕ್ಕಿಲ್ಲ" ಅಂದವರೂ ಇದ್ದರು. ಅವರಲ್ಲೇ ಕೆಲವರು ಈಗ ಅಳತೆ ಕೇಳಿ ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಬರೆದೇ ಬಿಡುತ್ತೇನೆ.

ಮೇಲ್ನೋಟಕ್ಕೆ ಜಗಳ ಗೋಡೆ ಯಾರದು ಅಂತ. ಕೂತು ಕೇಳಿದರೆ ಹೆಚ್ಚಿನ ಕಡೆ ನೀರಿನ ಕಲೆಯ ವಿಷಯ ಹೊರಗೆ ಬರುತ್ತದೆ. ನಮ್ಮ ಮಂಗಳೂರಿನ ಗೋಡೆ ಕೆಂಪುಕಲ್ಲಿನದ್ದು. ಕಲ್ಲಿನ ತುಂಬ ತೂತು. ಆಂಕರ್ ಫಾಸ್ಟ್ನರ್ (ಗೋಡೆಯೊಳಗೆ ಅಗಲವಾಗಿ ಹಿಡಿಯುವ ಬೋಲ್ಟ್) ಹಾಕಿ ಟೈಟ್ ಮಾಡಿದರೆ ತೂತಿನ ಬಾಯಿ ಪುಡಿಯಾಗುತ್ತದೆ, ಹಿಡಿತ ಸಿಗುವುದಿಲ್ಲ. ಹ್ಯಾಮರ್ ಡ್ರಿಲ್‌ನಲ್ಲಿ ಹೊಡೆದರೆ ಆ ಕಡೆಯ ಗಾರೆ ಏಳುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರು ಬೇರೆ. ಬೋಲ್ಟಿನ ಸಂದಿಯಿಂದ ಇಳಿದ ನೀರು ಕಲ್ಲಿನೊಳಗೇ ದಾರಿ ಮಾಡಿಕೊಂಡು ಪಕ್ಕದವರ ಕಡೆ ಹೊರಟುಬಿಡುತ್ತದೆ. ಒಂದು ಕಡೆ ನಾನೇ ನೋಡಿದ್ದು: ಬಿಳಿ ಬಣ್ಣದ ಮೇಲೆ ನಾಲ್ಕು ಕಡೆ ತುಕ್ಕಿನ ಕಂದು ಗೆರೆ ಕೆಳಗೆ ಇಳಿದಿತ್ತು, ಸರಿಯಾಗಿ ಬಾಕ್ಸಿನ ನಾಲ್ಕು ಮೂಲೆಗೆ ನೇರ. ಸುತ್ತ ಬಣ್ಣ ಗುಳ್ಳೆ ಎದ್ದಿತ್ತು. ಆ ಗೆರೆ ನೋಡಿದ ಮನುಷ್ಯನ ಹತ್ತಿರ ಸಮಾಧಾನದ ಮಾತು ನಡೆಯುವುದಿಲ್ಲ.

ಇದಕ್ಕೆ ಮೊದಲು ಮಾಡಿ ನೋಡಿದ್ದೆಲ್ಲ ಕೈಕೊಟ್ಟಿತು. ತೂತಿಗೆ ಗಮ್ ತುಂಬಿ ಬೋಲ್ಟ್ ಕೂರಿಸುವ ಕೆಮಿಕಲ್ ಆಂಕರ್ ಹಾಕಿದೆ. ಹಿಡಿತ ಚೆನ್ನಾಗಿಯೇ ಬಂತು, ನೀರೂ ಇಳಿಯಲಿಲ್ಲ. ಒಂದು ಬಾಕ್ಸಿಗೆ ಸಾವಿರದ ಮೇಲೆ ಬರೀ ಗಮ್ಮಿಗೇ ಹೋಯಿತು. ಆದರೂ ಪಕ್ಕದವರು "ತೂತು ಮಾಡಿದ್ದು ಮಾಡಿದ್ದೇ" ಅಂದರು. ಕೆಲಸ ಕೊಟ್ಟ ಪಾರ್ಟಿ ನನಗೆ ಕೊನೆಯ ಕಂತು ಕೊಡಲಿಲ್ಲ, ಎಂಟು ಸಾವಿರ ಹೋಯಿತು.

ಮತ್ತೊಂದು ಕಡೆ ಮನೆಯವರು ಹದ್ದುಬಸ್ತು, ಅಂದರೆ ಜಾಗದ ಗಡಿ ಅಳತೆ, ಮಾಡಿಸಿದರು. ಸರ್ವೇಯವರು ಬಂದು ಅಳೆದರು. ಗಡಿ ಗೋಡೆಯ ನಡುವಿಗೇ ಬಿತ್ತು. ಅರ್ಧ ನಂದು, ಅರ್ಧ ನಿಂದು. ಅಷ್ಟೇ ಅಲ್ಲ, ಗೋಡೆಯ ಒಂದು ತುದಿ ಮೂರು ಇಂಚು ಆಚೆ ವಾಲಿದೆ ಅಂತ ಗೊತ್ತಾಗಿ ಹೊಸ ಜಗಳ ಹುಟ್ಟಿತು. ನನ್ನ ಕೆಲಸ ಒಂದು ಮಳೆಗಾಲ ಪೂರ್ತಿ ನಿಂತಿತು.

ಒಪ್ಪಿಗೆ ಪತ್ರ ಬರೆಸುವ ದಾರಿಯೂ ನೋಡಿದೆ. ಪಕ್ಕದವರು ವಕೀಲರನ್ನು ಕೇಳಿದ ಕೂಡಲೇ ಪೆನ್ನು ಕೆಳಗಿಡುತ್ತಾರೆ. ಯಾಕೆ ಅಂತ ನನಗೂ ವಕೀಲರೊಬ್ಬರು ಬಿಡಿಸಿ ಹೇಳಿದರು. ಇನ್ನೊಬ್ಬರ ಜಾಗ ಬಳಸುವ ಹಕ್ಕಿನ ಬಗ್ಗೆ 1882ರ ಈಸ್‌ಮೆಂಟ್ ಕಾಯ್ದೆ ಅಂತ ಒಂದಿದೆ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದದ್ದರಿಂದ ಇಲ್ಲಿಗೆ ಅದು ಮೊದಲಿನಿಂದಲೂ ಅನ್ವಯ. ಅದರ 60ನೇ ಸೆಕ್ಷನ್ ಪ್ರಕಾರ, ನೀವು ಕೊಟ್ಟ ಅನುಮತಿ ನಂಬಿ ಒಬ್ಬರು ದುಡ್ಡು ಹಾಕಿ ಕಾಯಂ ಕೆಲಸ ಮಾಡಿಬಿಟ್ಟರೆ ಆಮೇಲೆ ಅನುಮತಿ ವಾಪಸ್ ಪಡೆಯಲು ಆಗುವುದಿಲ್ಲ. 20 ವರ್ಷ ಅಡ್ಡಿಯಿಲ್ಲದೆ ಬಳಸಿದರೆ ಹಕ್ಕೇ ಬರಬಹುದು ಅನ್ನುವ ಹೆದರಿಕೆ ಇನ್ನೊಂದು. ಇಷ್ಟು ಕೇಳಿದ ಮೇಲೆ ಯಾರು ಸಹಿ ಹಾಕುತ್ತಾರೆ? ಅವರ ಹೆದರಿಕೆಯಲ್ಲಿ ನ್ಯಾಯ ಇದೆ. ಅನುಮತಿಯೇ ಬೇಡದ ಹಾಗೆ ಕೆಲಸ ಮಾಡಬೇಕು ಅಂತ ನನಗೆ ಅನಿಸಿದ್ದು ಅಲ್ಲಿಂದ.

ಮೊದಲ ಸ್ಟ್ಯಾಂಡ್ ಹಾಕಿದ್ದು ಸುರತ್ಕಲ್ ಕಡೆ. ಐದು ಸೆಂಟ್ಸ್ ಜಾಗ, ಮನೆಗೂ ಕಾಂಪೌಂಡಿಗೂ ನಡುವೆ ಮೂರು ಅಡಿ ಚಿಲ್ಲರೆ. ಗೋಡೆಯ ಪಂಚಾಂಗ (ಅಡಿಪಾಯ) ನೆಲದೊಳಗೆ ಅಗಲವಾಗಿ ಬಂದಿರುತ್ತದೆ, ಅದಕ್ಕೆ ಪಿಕ್ಕಾಸು ತಾಗಬಾರದು. ಹಾಗಾಗಿ ಗೋಡೆಯಿಂದ ಒಂದು ಅಡಿ ಬಿಟ್ಟು ಹೊಂಡ, ಎರಡು ಅಡಿ ಆಳ. ಎರಡು ಇಂಚಿನ ಜಿಐ ಪೈಪ್ ಎರಡು, ನಡುವೆ ಆಂಗ್ಲ್ ಪಟ್ಟಿ. ಬಾಕ್ಸನ್ನು ಪೈಪಿನ ಮುಂದೆ ಕೂರಿಸಿದರೆ ಓಡಾಡುವ ಜಾಗ ಹೋಗುತ್ತದೆ. ನಾನು ಪೈಪುಗಳ ನಡುವಿನಿಂದ ಹಿಂದಕ್ಕೆ, ಗೋಡೆ ಕಡೆಗೆ ಕೂರಿಸುತ್ತೇನೆ. ಎಂಟು ಇಂಚು ಬಾಕ್ಸ್ ಹೋಗಿ ಗೋಡೆಗೂ ಬಾಕ್ಸಿಗೂ ನಡುವೆ ನಾಲ್ಕು ಇಂಚು ಉಳಿಯುತ್ತದೆ. ಬಣ್ಣದ ಬ್ರಷ್ ಹೋಗುವಷ್ಟು. ಈ ನಾಲ್ಕು ಇಂಚೇ ನನ್ನ ಇಡೀ ಕೆಲಸದ ಜೀವ.

ಪಕ್ಕದ ಮನೆಯ ಹಿರಿಯರು ಕಾಂಕ್ರೀಟ್ ಹಾಕುವ ದಿನ ಬಾಗಿಲಲ್ಲೇ ನಿಂತಿದ್ದರು. "ಅಂಕಲ್, ನೀವೇ ಬಂದು ಕೈ ಹಾಕಿ ನೋಡಿ" ಅಂದೆ. ಬಂದರು. ಅಂಗೈ ಅಡ್ಡ ಮಾಡಿ ಬಾಕ್ಸಿನ ಹಿಂದೆ ಮೇಲಿಂದ ಕೆಳಗಿನವರೆಗೆ ಒಮ್ಮೆ ಎಳೆದರು. ಗೋಡೆಯ ಹಳೆಯ ಪಾಚಿ ಬೆರಳಿಗೆ ಹತ್ತಿತ್ತು. ಒರೆಸಿಕೊಂಡು "ಇದಕ್ಕೆ ನಂದು ಎಂತ ಅಡ್ಡಿ ಇಲ್ಲ" ಅಂದರು. ಎರಡು ವರ್ಷದ ಜಗಳ ಅದು. ಅವತ್ತಿನಿಂದ ಪ್ರತಿ ಸೈಟಿನಲ್ಲೂ ಪಕ್ಕದವರ ಕೈಯನ್ನೇ ಆ ಸಂದಿಗೆ ಹಾಕಿಸುತ್ತೇನೆ.

ಖರ್ಚು ನೆನಪಿನಲ್ಲಿ ಇದ್ದಷ್ಟು ಹೇಳುತ್ತೇನೆ. ಪೈಪು, ಆಂಗ್ಲ್, ಪ್ಲೇಟ್ ಸೇರಿ ಮೂರೂವರೆ ಸಾವಿರ. ವೆಲ್ಡಿಂಗ್ ಒಂದೂವರೆ. ಫೈಬರ್ ಬಾಕ್ಸ್ ಎರಡು ಸಾವಿರದ ಹತ್ತಿರ. ಅರ್ತಿಂಗ್ ಮೂರು. ಕಾಂಕ್ರೀಟ್, ಕೂಲಿ ಎಲ್ಲ ಸೇರಿ ಹನ್ನೆರಡು, ಹದಿಮೂರು ಸಾವಿರದಲ್ಲಿ ಆಗ ಮುಗಿದಿತ್ತು. ಕರೆಂಟ್ ಕಂಪನಿ ಮೆಸ್ಕಾಂಗೆ ಕಟ್ಟುವುದು ಬೇರೆ. ಸೀಲ್ ತೆಗೆಯುವುದು, ಹಾಕುವುದು ಅವರದೇ ಕೆಲಸ, ಅದಕ್ಕೆ ನಾವು ಕೈ ಹಾಕುವಂತಿಲ್ಲ ಅಂತ ನಿಮಗೆ ಹೇಳಬೇಕಾಗಿಲ್ಲ. ರೀಡಿಂಗ್‌ನವರಿಗೆ ಗೇಟಿನ ಹತ್ತಿರ ಕಣ್ಣಿನ ಎತ್ತರಕ್ಕೆ ಸಿಕ್ಕಿತು, ಪಾಸ್ ಮಾಡಲು ಯಾವ ತಕರಾರೂ ಬರಲಿಲ್ಲ.

ಅಲ್ಲಾಡುವ ವಿಷಯ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲಿನ ಬದಿಯಲ್ಲೇ ಹಾದು ಹೋಯಿತಲ್ಲ, ಆ ಗಾಳಿಗೆ ಸ್ಟ್ಯಾಂಡ್ ಮಿಸುಕಲಿಲ್ಲ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ ಬಂದಿದ್ದೇನೆ. ಹೊಂಡದೊಳಗೆ ಪೈಪಿನ ಬುಡಕ್ಕೆ ನಾನು ಒಂದು ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಅನ್ನ ಅದು.

ಇದರ ಜೊತೆಗೆ ಅರ್ತಿಂಗ್‌ನಲ್ಲೂ ಸ್ವಲ್ಪ ತಲೆ ಓಡಿಸಿದೆ. ಕಬ್ಬಿಣದ ಸ್ಟ್ಯಾಂಡ್ ಅಂದ ಮೇಲೆ ಅದಕ್ಕೂ ಅರ್ತ್ ಕೊಡಲೇಬೇಕು. ಕೆಂಪುಕಲ್ಲಿನ ನೆಲದಲ್ಲಿ ಇದ್ದಲು, ಉಪ್ಪು ಹಾಕಿದ ಅರ್ತ್ ಪಿಟ್ (ಹೊಂಡ) ಜುಲೈಯಲ್ಲಿ ಎರಡು, ಮೂರು ಓಮ್ಸ್ ತೋರಿಸುತ್ತದೆ, ಇದು ಕಡಿಮೆ ಇದ್ದಷ್ಟೂ ಅರ್ತ್ ಒಳ್ಳೆಯದು. ಅದೇ ಪಿಟ್ ಮೇ ತಿಂಗಳಲ್ಲಿ ಹನ್ನೆರಡರ ಮೇಲೆ. ಮಳೆಗಾಲದಲ್ಲಿ ಅಳೆದು ರಿಪೋರ್ಟ್ ಕೊಡುವವರು ಇದನ್ನು ಗಮನಿಸಬೇಕು. ನೀರು ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು ತುಂಬಿದ ಒಂದು ಪಿಟ್ ಬೇಸಿಗೆಯಲ್ಲೂ ಐದರ ಆಸುಪಾಸು ನಿಂತಿದೆ. ಉಪ್ಪು ಪೈಪನ್ನು ತಿನ್ನುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಸಮುದ್ರದ ಹತ್ತಿರ ನಾನು ಉಪ್ಪು ಪೂರ್ತಿ ಬಿಟ್ಟಿದ್ದೇನೆ.

ಬಾಕ್ಸ್ ತಗಡಿನದ್ದು ಬೇಡ. ಎರಡು ಮಳೆಗೆ ಅಡಿಭಾಗ ಹೋಗುತ್ತದೆ. ಕಡಲ ಬದಿಯಲ್ಲಿ ಸ್ಟೀಲ್ ಹಾಕಿಯೂ ನೋಡಿದೆ, ಚುಕ್ಕೆ ಚುಕ್ಕೆ ತುಕ್ಕು ಬಂತು, ದುಡ್ಡು ಮೂರು ಪಟ್ಟು. ಬಾಕ್ಸಿನ ಮುಖ ಪಶ್ಚಿಮಕ್ಕೆ ಬಂದರೆ ಮೇಲೊಂದು ಪುಟ್ಟ ಮಾಡು ಕೊಡಿ. ಕೇಬಲ್ ಕೆಳಗಿನಿಂದಲೇ ಒಳಗೆ ಹೋಗಲಿ, ಆ ತೂತಿನಲ್ಲಿ ಕೇಬಲ್ ಸುತ್ತ ಬಿಗಿಯುವ ಗ್ಲಾಂಡ್ ಸರಿಯಾಗಿ ಬಿಗಿದಿರಲಿ. ಇಲ್ಲದಿದ್ದರೆ ಒಂದೇ ತಿಂಗಳಲ್ಲಿ ಒಳಗೆ ಇರುವೆ ಗೂಡು.

ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವಯರ್ ಪಕ್ಕದವರ ಅಂಗಳದ ಮೇಲಿಂದ ಹಾದರೆ ಸ್ಟ್ಯಾಂಡ್ ಹಾಕಿಯೂ ಪ್ರಯೋಜನ ಇಲ್ಲ. ಕಾವೂರಿನ ಹತ್ತಿರ ಒಂದು ಕೆಲಸದಲ್ಲಿ ಕಂಬದಿಂದ ನೆಲದೊಳಗೆ ಆರ್ಮರ್ಡ್ ಕೇಬಲ್ (ಲೋಹದ ಕವಚ ಇರುವ ಕೇಬಲ್) ತಂದೆ. ಐದಾರು ಸಾವಿರ ಜಾಸ್ತಿ ಆಯಿತು. ಪಾರ್ಟಿ ಮೊದಲು ಮುಖ ಗಂಟಿಕ್ಕಿದರು, ಆಮೇಲೆ ತಮ್ಮ ತಂಗಿಯ ಮನೆಗೂ ನನ್ನನ್ನೇ ಕಳಿಸಿದರು.

ಇದೇ ರೀತಿ ನೀರಿನ ಪ್ರೆಷರ್ ಪಂಪಿಗೂ ಮಾಡಿದೆ. ಗೋಡೆಗೆ ಕ್ಲಾಂಪ್ ಹೊಡೆದ ಪಂಪು ಬೆಳಿಗ್ಗೆ ಐದಕ್ಕೆ ಶುರುವಾದರೆ ಪಕ್ಕದ ಮನೆಯ ಮಂಚದವರೆಗೆ ಗುಂಯ್ ಅನ್ನುತ್ತದೆ. ನೆಲದಲ್ಲಿ ಬೇರೆ ಕಟ್ಟೆ ಕಟ್ಟಿ, ಕೆಳಗೆ ದಪ್ಪ ರಬ್ಬರ್ ಇಟ್ಟು, ಪೈಪಿಗೆ ಒಂದು ಅಡಿ ಹೋಸ್ ತುಂಡು ಸೇರಿಸಿದ ಮೇಲೆ ದೂರು ನಿಂತಿತು. ಎಸಿಯ ಹೊರಗಿನ ಯೂನಿಟ್ ಮಾತ್ರ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಸ್ಟ್ಯಾಂಡ್ ಗಟ್ಟಿ ನಿಲ್ಲುತ್ತದೆ, ನೀರನ್ನು ಪೈಪಿನಲ್ಲಿ ಗಿಡದ ಬುಡಕ್ಕೆ ಬಿಡಬಹುದು. ಬಿಸಿ ಗಾಳಿ ಗೋಡೆ ದಾಟಿ ಆ ಕಡೆ ಹೋಗುತ್ತದೆ. ಈ ಬೇಸಿಗೆಗೆ ಮುಂದೆ ಓರೆ ತಗಡು ಕೊಟ್ಟು ಗಾಳಿಯನ್ನು ಮೇಲಕ್ಕೆ ತಿರುಗಿಸಿ ನೋಡುತ್ತಿದ್ದೇನೆ. ಯೂನಿಟ್ ಸ್ವಲ್ಪ ಜಾಸ್ತಿ ಕರೆಂಟ್ ಎಳೆಯುತ್ತಿದೆ, ಎಷ್ಟು ಅಂತ ಕ್ಲಾಂಪ್ ಮೀಟರಿನಲ್ಲಿ ಅಳೆದು ಬರೆದಿಡುತ್ತಿದ್ದೇನೆ.