ರೇಸಿಗೆ ಜನರ ಹತ್ರ ದುಡ್ಡು ಎತ್ತೋದಾದ್ರೆ ಹೇಗೆ ಎತ್ತಬೇಕು

ಮೊನ್ನೆ ಪುಣೆ ಹತ್ರದ ಚಿಂಚ್‌ವಾಡದಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಮುಂದಿನ ಸೀಸನ್‌ಗೆ ಕೊಯಮತ್ತೂರಲ್ಲಿ ಫಾರ್ಮುಲಾ ಕಾರ್ (ಒಬ್ಬರೇ ಕೂರೋ ರೇಸ್ ಕಾರು) ಓಡಿಸಬೇಕು, ಒಂದೂವರೆ ಲಕ್ಷ ಕಮ್ಮಿ ಬೀಳ್ತಿದೆ, ಅಣ್ಣಾ ನೀವು ಒಂದ್ಸಲ ಕ್ರೌಡ್‌ಫಂಡಿಂಗ್ ಮಾಡಿದ್ರಲ್ಲ ಹೇಗೆ ಮಾಡೋದು ಹೇಳಿ ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೀತಿದೀನಿ, ಯಾಕಂದ್ರೆ ಪುಣೆ ಮುಂಬೈ ಕಡೆ ನಮ್ಮ ಹುಡುಗ ಹುಡುಗೀರು ಈಗ ಟ್ರ್ಯಾಕ್ ಕಡೆ ಹೊರಟಿದ್ದಾರೆ, ಎಲ್ಲರಿಗೂ ದುಡ್ಡಿಂದೇ ಸಮಸ್ಯೆ.

ಮೊದಲು ನಾನು ಮಾಡಿದ ತಪ್ಪು ಹೇಳ್ತೀನಿ. ನನ್ನ ಮೆಸೇಜಲ್ಲಿ "ನಮ್ಮ ಹುಡುಗನ ಕನಸಿಗೆ ಕೈ ಜೋಡಿಸಿ, ಸಮಯ ಕಡಿಮೆ ಇದೆ" ಅಂತ ಬರೆದು, ಕೆಳಗೆ ಕಾರಿನ ಫೋಟೋ, ಲಿಂಕ್ ಹಾಕಿ ಪುಣೆ ಕನ್ನಡಿಗರ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದ್ದೆ. ಅದು ಕೈಯಿಂದ ಕೈಗೆ ಫಾರ್ವರ್ಡ್ ಆಗ್ತಾ ಆಗ್ತಾ ಫೋಟೋ ಬಿದ್ದುಹೋಗಿ, ಸಹಾಯ ಮಾಡಿ ಸಮಯ ಕಡಿಮೆ ಇದೆ ಅನ್ನೋದು ಮತ್ತೆ ಪೇಮೆಂಟ್ ನಂಬರ್ ಅಷ್ಟೇ ಉಳೀತು. ಒಂದು ತಿಂಗಳಾದ ಮೇಲೆ ಭೋಸರಿಯ ಮೆಸ್‌ನಲ್ಲಿ ಅಡುಗೆ ಮಾಡೋ ಇಂಡಿ ಕಡೆಯ ಹಿರಿಯರೊಬ್ಬರು ನನ್ನ ಹಿಡಿದು ನಿಲ್ಲಿಸಿ ಕೇಳಿದ್ರು, "ಆ ಹುಡುಗ ಈಗ ಹ್ಯಾಂಗದಾನ್ರೀ, ಆಪರೇಷನ್ ಆತೇನು?" ಅವರು ಐನೂರು ರೂಪಾಯಿ ಹಾಕಿದ್ರು. ಹುಡುಗ ಅಂದ್ರೆ ನಾನೇ, ಆಪರೇಷನ್ ಅಲ್ಲ ಕಾರ್ ರೇಸು ಅಂತ ಹೇಳೋಕೆ ನನಗೆ ಬಾಯೇ ಬರಲಿಲ್ಲ. ಹೇಳಿದೆ. "ಇರ್ಲಿ ಬಿಡ್ರಿ" ಅಂದ್ರು, ಬೈಯಲಿಲ್ಲ. ಸಂಜೆನೇ ಹೋಗಿ ಐನೂರು ವಾಪಸ್ ಕೊಟ್ಟು ಬಂದೆ, ಆದ್ರೆ ಹಾಗೇ ತಿಳ್ಕೊಂಡು ಕೊಟ್ಟೋರು ಇನ್ನೆಷ್ಟು ಜನ ಇದ್ರೋ ಅನ್ನೋದು ಇವತ್ತಿಗೂ ಕೊರೆಯುತ್ತೆ.

ನಮ್ಮ ಜನಕ್ಕೆ ಮೊಬೈಲಲ್ಲಿ ಬರೋ ಮನವಿ ಅಂದ್ರೆ ಆಸ್ಪತ್ರೆ ಅಂತಲೇ ಲೆಕ್ಕ, ಕೆಟ್ಟೋ, ಮಿಲಾಪ್ ಥರ ಆನ್‌ಲೈನಲ್ಲಿ ದುಡ್ಡು ಎತ್ತೋ ಸೈಟ್ ಅಂದ್ರೆ ಮಗುವಿನ ಚಿಕಿತ್ಸೆನೇ ನೆನಪಾಗೋದು. ಆ ಕರುಣೆಯ ದುಡ್ಡು ಗೊತ್ತಿದ್ದೋ ಗೊತ್ತಿಲ್ಲದೆಯೋ ಟಯರಿಗೆ ಹೋಗಬಾರದು. ಹಾಗಾಗಿ ಮೊದಲನೇ ಸಾಲಲ್ಲೇ ರೇಸ್ ಅನ್ನೋ ಪದ ಇರಲಿ. ನಾನು ಈಗ ಯಾರಿಗಾದ್ರೂ ಬರೆದುಕೊಡೋದು ಹೀಗೆ: "ನಾನು ಪುಣೆಯಲ್ಲಿ ಕೆಲಸ ಮಾಡ್ತೀನಿ, ಸಂಬಳ ಇದೆ, ಆರೋಗ್ಯ ಚೆನ್ನಾಗಿದೆ. ಕಾರ್ ರೇಸ್ ನನ್ನ ಆಸೆ. ಎರಡು ರೌಂಡಿಗೆ ಇಷ್ಟು ಖರ್ಚು, ನನ್ನ ಕೈಯಿಂದ ಇಷ್ಟು ಹಾಕ್ತಿದೀನಿ, ಇಷ್ಟು ಕಮ್ಮಿ ಇದೆ. ನಾನು ಓಡಿಸದಿದ್ರೆ ಯಾರಿಗೂ ಏನೂ ತೊಂದರೆ ಇಲ್ಲ. ರೇಸ್ ಇಷ್ಟ ಇದ್ರೆ ಮಾತ್ರ ಕೊಡಿ." (ರೌಂಡ್ ಅಂದ್ರೆ ಸೀಸನ್‌ನಲ್ಲಿ ಒಂದು ಸಲಕ್ಕೆ ನಡೆಯೋ ರೇಸುಗಳ ಗುಂಪು.) ಇದನ್ನ ಫೋಟೋ ಮೇಲೇ ದೊಡ್ಡ ಅಕ್ಷರದಲ್ಲಿ ಹಾಕಿ, ಪೇಮೆಂಟ್ ನಂಬರೂ ಅದೇ ಫೋಟೋದಲ್ಲಿ ಇರಲಿ, ಎಷ್ಟು ಕೈ ದಾಟಿದ್ರೂ ಎರಡೂ ಒಟ್ಟಿಗೇ ಹೋಗುತ್ತೆ. ದುಡ್ಡು ಕಮ್ಮಿ ಬರುತ್ತೆ, ಹೌದು, ಆದ್ರೆ ಬಂದಿದ್ದು ರೇಸಿಗೆ ಅಂತಲೇ ಕೊಟ್ಟ ದುಡ್ಡು.

ಕೇಳೋದೇ ತಪ್ಪು ಅನ್ನೋರಿದ್ದಾರೆ, ನಾನು ಒಪ್ಪಲ್ಲ. ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕ್, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್, ಇದ್ರಲ್ಲಿ ಪುಣೆಗೆ ಹತ್ರ ಅನ್ನೋದು ಯಾವುದೂ ಇಲ್ಲ, ಹೋಗಿ ಬರೋದ್ರಲ್ಲೇ ಅರ್ಧ ಜೀವ ಹೋಗುತ್ತೆ, ಮಧ್ಯಮ ವರ್ಗದ ಹುಡುಗ ಅಪ್ಪನ ದುಡ್ಡಿಲ್ಲದೆ ಇದ್ರೊಳಗೆ ಬರಬೇಕು ಅಂದ್ರೆ ನಾಲ್ಕು ಜನ ಸೇರಿ ಎತ್ತಲೇಬೇಕು. ಆ ಕರಿ ಟ್ರ್ಯಾಕಿಗೆ ಯಾರ ಹೆಸರೋ ಆ ಕರಿವರ್ಧನ್ ಅವರೇ ಮಾರುತಿ 800ರ ಇಂಜಿನ್ ಹಾಕಿ ಕಮ್ಮಿ ಖರ್ಚಿನ ಸಿಂಗಲ್ ಸೀಟರ್ ಕಟ್ಟಿದ್ರು, ಸಾಮಾನ್ಯರೂ ಓಡಿಸಲಿ ಅಂತ. ಅದಕ್ಕೇ ಕೇಳೋ ಮುಂಚೆ ನಿಮ್ಮ ಕ್ಲಾಸ್, ಅಂದ್ರೆ ಯಾವ ಥರದ ಕಾರಿನ ರೇಸು ಅನ್ನೋದನ್ನ, ಯೋಚನೆ ಮಾಡಿ. ಅಗ್ಗದ ಕ್ಲಾಸಲ್ಲಿ ಕಲಿಯೋಕೆ ಆಗೋವಾಗ ದುಬಾರಿ ಕ್ಲಾಸಿಗೆ ಬೇರೆಯವರ ಜೇಬಿಗೆ ಕೈ ಹಾಕೋದು ಸರಿಯಲ್ಲ.

ಈಗ ಯಾರ ಹತ್ರ ಕೇಳಬಾರದು ಅನ್ನೋದು, ನನ್ನ ಪ್ರಕಾರ ಇಡೀ ವಿಷಯದ ಗಂಟು ಇರೋದು ಇಲ್ಲೇ. ಇಲ್ಲ ಅನ್ನೋಕೆ ಆಗದವರ ಹತ್ರ ಕೇಳಬೇಡಿ. ಮುಂಬೈಯಲ್ಲಿ ನನಗೆ ಗೊತ್ತಿರೋ ಒಂದು ಹೋಟೆಲಲ್ಲಿ ಸೇಠ್ ಮಗ ರೇಸ್ ಮಾಡ್ತಾನೆ ಅಂತ ಕೌಂಟರಲ್ಲಿ ಕ್ಯೂಆರ್ ಕೋಡ್ ಅಂಟಿಸಿದ್ರು, ಸಪ್ಲೈಯರ್ ಹುಡುಗರು ಟಿಪ್ಸ್ ದುಡ್ಡಿಂದ ನೂರು ಇನ್ನೂರು ಹಾಕಿದ್ರು, ಊರಿಗೆ ಕಳಿಸಬೇಕಾದ ದುಡ್ಡು ಅದು. ಯಾರೂ ಬಲವಂತ ಮಾಡಲಿಲ್ಲ ಅಂತಾರೆ, ಆದ್ರೆ ಸೇಠ್ ಕಣ್ಣೆದುರು ಕ್ಯೂಆರ್ ಇದ್ರೆ ಅದೇ ಬಲವಂತ. ನಿಮ್ಮ ಕೈಕೆಳಗೆ ಕೆಲಸ ಮಾಡೋರು, ನಿಮ್ಮಿಂದ ಸಾಲ ತಗೊಂಡೋರು, ಮನೆಗೆ ಬರೋ ಕೆಲಸದ ಮಾವಶಿ, ಟ್ಯೂಷನ್ ಮಕ್ಕಳ ಅಪ್ಪ ಅಮ್ಮ, ಇವರನ್ನೆಲ್ಲ ಲಿಸ್ಟಿಂದ ತೆಗೀರಿ, ಅವರೇ ಬಂದು ಕೊಟ್ರೂ ಬೇಡ ಅನ್ನಿ. ಹಾಗೇ ಕನ್ನಡ ಸಂಘದ ಸಭೆಯಲ್ಲಿ ಮೈಕ್ ಹಿಡಿದು ಹೆಸರು ಕೂಗಿ ಕೇಳೋದು ಬೇಡ, ಗಣಪತಿ ವರ್ಗಣಿ (ಚಂದಾ) ಥರ ಮನೆಮನೆಗೆ ರಸೀದಿ ಪುಸ್ತಕ ಹಿಡಿದು ಹೋಗೋದೂ ಬೇಡ. ಪರವೂರಲ್ಲಿ ನಮ್ಮೋರು ಅನ್ನೋ ಅಭಿಮಾನ ಬಹಳ ದೊಡ್ಡದು, ಅದನ್ನ ಹಿಂಡಬಾರದು.

ಬಜೆಟ್ ಹಾಕೋವಾಗ ಎಂಟ್ರಿ ಫೀಸು, ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ರೇಸಿಂಗ್ ನೋಡ್ಕೊಳ್ಳೋ ಒಕ್ಕೂಟ) ಲೈಸೆನ್ಸು, ಮೆಡಿಕಲ್, ಟಯರು, ಪೆಟ್ರೋಲು, ರೈಲು, ರೂಮು ಎಲ್ಲ ಬರೀರಿ, ಮುಖ್ಯವಾಗಿ ಗುದ್ದಿದ್ರೆ ಎಷ್ಟು ಅನ್ನೋದು ಬರೀರಿ. ಟೀಮಿಂದ ಬಾಡಿಗೆ ಕಾರ್ ತಗೊಂಡ್ರೆ ಡ್ಯಾಮೇಜ್ ಸಾಮಾನ್ಯವಾಗಿ ನಿಮ್ಮ ತಲೆ ಮೇಲೇ, ಒಂದು ಸಸ್ಪೆನ್ಷನ್ ಆರ್ಮ್ ಮುರಿದ್ರೂ ಬಿಲ್ ಬರುತ್ತೆ. ಆ ಬಿಲ್ಲಿಗೆ ಆಮೇಲೆ ಎರಡನೇ ಸಲ ಜನರ ಹತ್ರ ಹೋಗೋದು ಬಹಳ ಕೆಟ್ಟದು, ಅದಕ್ಕೆ ನಿಮ್ಮ ಸ್ವಂತ ದುಡ್ಡು ಪಕ್ಕಕ್ಕಿಟ್ಟೇ ಶುರು ಮಾಡಿ. ಹೆಲ್ಮೆಟ್, ಸೂಟು ಜನರ ದುಡ್ಡಿಂದ ತಗೊಂಡ್ರೆ ಹಾಗಂತ ಹೇಳಿ, ಯಾಕಂದ್ರೆ ರೇಸ್ ಮುಗಿದ ಮೇಲೂ ಅದು ನಿಮ್ಮ ಹತ್ರಾನೇ ಉಳಿಯೋ ಆಸ್ತಿ.

ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಮಾಡಿ, ಸಂಬಳದ ಖಾತೆಗೆ ಹಾಕಿಸ್ಕೊಂಡ್ರೆ ಇಎಂಐಗೆ ಕಟ್ ಆಗಿ ಹೋಗೋದು ಗೊತ್ತೇ ಆಗಲ್ಲ. ಟ್ಯಾಕ್ಸ್ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಸಂಬಂಧಿಕರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ಬಂದ ಉಡುಗೊರೆ ದುಡ್ಡು ಒಟ್ಟು 50,000 ರೂಪಾಯಿ ದಾಟಿದ್ರೆ, ದಾಟಿದ ಭಾಗ ಮಾತ್ರ ಅಲ್ಲ, ಪೂರ್ತಿ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತೆ. ಕೊಟ್ಟವರಿಗೆ ದಾನದ ಮೇಲಿನ ಟ್ಯಾಕ್ಸ್ ರಿಯಾಯಿತಿ (80ಜಿ ಅಂತಾರಲ್ಲ ಅದು) ಸಿಗಲ್ಲ, ನೀವು ಟ್ರಸ್ಟ್ ಅಲ್ಲ, ಸಿಗುತ್ತೆ ಅಂತ ಬಾಯ್ತಪ್ಪಿಯೂ ಹೇಳಬೇಡಿ. ಗೆದ್ದ ಬಹುಮಾನದಲ್ಲಿ ಪಾಲು ಕೊಡ್ತೀನಿ, ಮುಂದೆ ಪ್ರೊಫೆಷನಲ್ ಆದ್ರೆ ಶೇರ್ ಕೊಡ್ತೀನಿ ಅನ್ನೋ ಆಸೆ ತೋರಿಸಿ ಸಾರ್ವಜನಿಕರಿಂದ ಎತ್ತೋದಂತೂ ಬೇಡವೇ ಬೇಡ, ಅದು ಷೇರು ಮಾರುಕಟ್ಟೆ ನಿಯಂತ್ರಿಸೋ ಸೆಬಿ ನೋಡೋ ವಿಷಯ ಆಗಿಬಿಡುತ್ತೆ. ಅಂಗಡಿಯವರು ಕಾರ್ ಮೇಲೆ ಸ್ಟಿಕ್ಕರ್ ಕೇಳಿದ್ರೆ ಅದು ದಾನ ಅಲ್ಲ ವ್ಯವಹಾರ, ಎಷ್ಟು ದೊಡ್ಡದು ಎಷ್ಟು ರೌಂಡು ಅಂತ ಕಾಗದದಲ್ಲಿ ಬರೆದುಕೊಡಿ, ಅದಕ್ಕೂ ಮೊದಲು ಟೀಮ್ ಆ ಜಾಗ ಬಿಟ್ಟುಕೊಡುತ್ತಾ ಕೇಳಿ.

ಹೊರಗಿನ ರಸ್ತೆ ರೇಸಿಗೆ ಯಾರಾದ್ರೂ ಎತ್ತುತಿದ್ರೆ ಒಂದು ರೂಪಾಯಿನೂ ಕೊಡಬೇಡಿ. ಸರ್ಕಾರದ ಅನುಮತಿ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡೋದು 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಅಪರಾಧ.

ರೇಸ್ ಆಗದೇ ಹೋದ್ರೆ ಏನು ಅನ್ನೋದನ್ನ ಮೊದಲ ದಿನವೇ ಬರೀಬೇಕು. ಇದು ನಮ್ಮ ಮಟ್ಟದ್ದೇ ಸಮಸ್ಯೆ ಅಲ್ಲ. ಜಪಾನಿನ ರೇಸ್ ಡ್ರೈವರ್ ಕಮುಯಿ ಕೊಬಯಾಶಿ 2012ರ ಕೊನೆಗೆ ಫಾರ್ಮುಲಾ ಒನ್ ಸೀಟಿಗೋಸ್ಕರ ಅಭಿಮಾನಿಗಳಿಂದ ದುಡ್ಡು ಎತ್ತಿದ್ರು, ದೊಡ್ಡ ಮೊತ್ತವೇ ಬಂತು, ಆದ್ರೂ 2013ಕ್ಕೆ ಸೀಟ್ ಸಿಗಲಿಲ್ಲ, 2014ರಲ್ಲಿ ಕೇಟರ್‌ಹ್ಯಾಮ್ ಟೀಮಲ್ಲಿ ಓಡಿಸಿದ್ರು. ಅದೇ ಟೀಮ್ ಮುಳುಗೋ ಹೊತ್ತಲ್ಲಿ 2014ರ ನವೆಂಬರಲ್ಲಿ ಅಬುಧಾಬಿ ರೇಸಿಗೆ ಹೋಗೋಕೆ 23.5 ಲಕ್ಷ ಪೌಂಡ್ ಬೇಕು ಅಂತ ತಾನೇ ಜನರ ಮುಂದೆ ಬಂತು, ಹೋಗಿ ರೇಸೂ ಮಾಡ್ತು, ಆಮೇಲೆ ಬಾಗಿಲು ಹಾಕ್ತು. ಆ ಮಟ್ಟದಲ್ಲೇ ಹೀಗಾಗುತ್ತೆ ಅಂದ್ರೆ ನಮ್ಮ ರೌಂಡ್ ಮುಂದಕ್ಕೆ ಹೋಗೋದು, ಕೈ ಮುರ್ಕೊಳ್ಳೋದು, ಆಫೀಸಲ್ಲಿ ರಜೆ ಸಿಗದಿರೋದು ಎಲ್ಲ ಆಗೇ ಆಗುತ್ತೆ. ಇಂಥ ತಾರೀಖಿನೊಳಗೆ ಓಡಿಸದಿದ್ರೆ ಖರ್ಚಾಗದ ದುಡ್ಡು ವಾಪಸ್, ಟಾರ್ಗೆಟ್ ಅರ್ಧವೂ ಬರದಿದ್ರೆ ಎಲ್ಲ ವಾಪಸ್, ಇಷ್ಟು ಸ್ಪಷ್ಟವಾಗಿ ಹಾಕಿ.

ಪೆಟ್ಟಿನ ಮಾತೂ ಆಡಬೇಕು. ಗಾಡಿ ಪಾಲಿಸಿ ತೆಗೆದು ಓದಿ, ಆರ್ಗನೈಸ್ಡ್ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಕವರ್ ಇಲ್ಲ ಅಂತ ಇರುತ್ತೆ. ಹೆಲ್ತ್ ಪಾಲಿಸಿಯಲ್ಲೂ ಅಪಾಯದ ಆಟಗಳ ಬಗ್ಗೆ ಏನಿದೆ ಓದಿ, ಅರ್ಥ ಆಗದಿದ್ರೆ ಕಂಪನಿಗೆ ಇಮೇಲ್ ಹಾಕಿ ಬರವಣಿಗೆಯಲ್ಲಿ ಉತ್ತರ ತಗೊಳ್ಳಿ. ನಿಮ್ಮ ಆಸ್ಪತ್ರೆ ಖರ್ಚಿಗೆ ದಾರಿ ಮಾಡ್ಕೊಳ್ಳದೆ ರೇಸಿಗೆ ದುಡ್ಡು ಎತ್ತಿದ್ರೆ, ನಾಳೆ ಬಿದ್ದಾಗ ಅದೇ ಜನ ಮತ್ತೆ ಕೊಡಬೇಕಾಗುತ್ತೆ. ಮಕ್ಕಳ ವಿಷಯದಲ್ಲಿ ನಾನು ಇನ್ನೂ ಗಟ್ಟಿ. 2023ರ ಆಗಸ್ಟಲ್ಲಿ ಚೆನ್ನೈ ಟ್ರ್ಯಾಕಲ್ಲಿ ಬೈಕ್ ರೇಸಲ್ಲಿ ಬಿದ್ದು ಬೆಂಗಳೂರಿನ 13 ವರ್ಷದ ಹುಡುಗ ತೀರಿಕೊಂಡ, ಒಳ್ಳೆ ರೈಡರ್ ಆಗಿದ್ದ. ಚಿಕ್ಕ ಮಕ್ಕಳಿಗೆ ನೂರಾರು ಜನರಿಂದ ದುಡ್ಡು ಎತ್ತಿದ್ರೆ, ಅಪ್ಪಾ ನನಗೆ ಇವತ್ತು ಭಯ ಆಗ್ತಿದೆ, ಓಡಿಸಲ್ಲ ಅನ್ನೋಕೆ ಆ ಮಗುವಿಗೆ ಬಾಯಿ ಇರಲ್ಲ. ಮಗುವಿನ ರೇಸ್ ಅಪ್ಪ ಅಮ್ಮನ ದುಡ್ಡಲ್ಲಿ ಇಲ್ಲಾ ಟೀಮಿನ ದುಡ್ಡಲ್ಲಿ ನಡೀಲಿ.

ರೇಸ್ ಮುಗಿದ ವಾರದೊಳಗೆ ಲೆಕ್ಕ ಹಾಕಿ, ಬಿಲ್ ಫೋಟೋ ಸಮೇತ, ಜೊತೆಗೆ ಲ್ಯಾಪ್ ಟೈಮ್ ಹಾಕಿ, ಕೊನೆಯವನಾಗಿ ಬಂದಿದ್ರೂ ಹಾಕಿ. ಪೋಡಿಯಂ (ಮೊದಲ ಮೂರರಲ್ಲಿ ಬಂದು ನಿಲ್ಲೋ ವೇದಿಕೆ) ಫೋಟೋ ಇಲ್ಲ ಅಂತ ಸುಮ್ಮನಾಗಿಬಿಡೋರೇ ಜಾಸ್ತಿ. ನನ್ನ ಹತ್ರ ಆಗ 1,38,000 ಬಂದಿತ್ತು, ಎರಡನೇ ರೌಂಡಿನ ಕೊನೆ ರೇಸಿಗೆ ನಾನು ಹೋಗದೆ 11,400 ಉಳೀತು. ಒಬ್ಬೊಬ್ಬರಿಗೂ ಫೋನ್ ಮಾಡಿ ವಾಪಸ್ ಬೇಕಾ, ಬೇರೆ ಹುಡುಗರ ಲೈಸೆನ್ಸ್ ಫೀಸಿಗೆ ಕೊಡ್ಲಾ ಅಂತ ಕೇಳಿದೆ, ಅರ್ಧಕ್ಕರ್ಧ ಜನ ವಾಪಸ್ ತಗೊಂಡ್ರು, ಉಳಿದವರದ್ದು ಇಬ್ಬರು ಹುಡುಗೀರ ಲೈಸೆನ್ಸಿಗೆ ಹೋಯ್ತು. ಮೂರು ಜನ ಫೋನೇ ಎತ್ತಲಿಲ್ಲ, ಅವರ 650 ರೂಪಾಯಿ ಇನ್ನೂ ಆ ಖಾತೆಯಲ್ಲೇ ಇದೆ.