ಅಂಗಡಿ ಎಲ್ಲಿ ಹಾಕಬೇಕು? ಮೊದಲು ಗಿರಾಕಿಯ ಕಾಲು ಎತ್ತ ಹೋಗುತ್ತೆ ನೋಡಿ

ಹೊಸದಾಗಿ ಅಂಗಡಿ ಹಾಕುವವರು ಮೊದಲು ವಿಚಾರಿಸುವುದು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತ. ಅದು ಆಮೇಲಿನ ಮಾತು. ನೀವು ಮಾರುವ ಸಾಮಾನನ್ನು ಜನ ನಾಲ್ಕು ಕಡೆ ನೋಡಿ ಕೊಳ್ಳುತ್ತಾರಾ, ಇಲ್ಲ ಹತ್ತಿರ ಸಿಕ್ಕ ಕಡೆ ಕೊಳ್ಳುತ್ತಾರಾ? ಇದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ.

ಹಾಲು, ಮೊಟ್ಟೆ, ಕೊತ್ತಂಬರಿ ಸೊಪ್ಪಿಗೆ ಯಾರೂ ದೂರ ನಡೆಯುವುದಿಲ್ಲ. ಹಾಗಾಗಿ ಕಿರಾಣಿ ಅಂಗಡಿಗೆ ಮನೆಗಳು ಜಾಸ್ತಿ, ಅಂಗಡಿ ಕಡಿಮೆ ಇರುವ ಬೀದಿ ಹುಡುಕಿ.

ಸೀರೆ, ಕಂಪ್ಯೂಟರ್ ಬಿಡಿಭಾಗ, ಚಿನ್ನ ಇವೆಲ್ಲ ಪೂರ್ತಿ ಉಲ್ಟಾ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿಗಳು, ಎಸ್‌ಪಿ ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಪೈಪೋಟಿ ಇದೆ ಅಂತ ಯಾರೂ ಅಲ್ಲಿಂದ ಓಡಿಹೋಗಿಲ್ಲ, ಯಾಕೆಂದರೆ ಇಲ್ಲಿ ಸಿಗದಿದ್ದರೆ ಪಕ್ಕದಲ್ಲಿ ಸಿಗುತ್ತೆ ಅನ್ನೋ ಧೈರ್ಯದ ಮೇಲೇ ಜನ ಬಸ್ ಹತ್ತಿ ಅಷ್ಟು ದೂರ ಬರುವುದು. ಒಂಟಿ ಅಂಗಡಿಗೆ ಆ ಧೈರ್ಯ ಕೊಡೋಕೆ ಆಗಲ್ಲ. ಹೋಲ್‌ಸೇಲ್‌ನವರು, ರಿಪೇರಿಯವರು, ಕೆಲಸ ಗೊತ್ತಿರೋ ಹುಡುಗರು, ಎಲ್ಲ ಅಲ್ಲೇ ಸಿಗುತ್ತಾರೆ. ಆದರೆ ಗಿರಾಕಿ ಐದು ಅಂಗಡಿಯಲ್ಲಿ ರೇಟ್ ಕೇಳಿರುತ್ತಾರೆ, ಆದ್ದರಿಂದ ಲಾಭ ತೆಳು. ಪಕ್ಕದವರಲ್ಲಿ ಇಲ್ಲದ ಒಂದು ಬಗೆಯ ಮಾಲು ನಿಮ್ಮಲ್ಲಿ ಇರಲೇಬೇಕು.

ಚಿಕ್ಕ ಊರಿನಲ್ಲಿ ಅಂಗಡಿ ಹಾಕುವವರಿಗೆ ಇನ್ನೊಂದು ಲೆಕ್ಕ. ದೊಡ್ಡ ಊರು ಜಾಸ್ತಿ ಜನರನ್ನು ಎಳೆಯುತ್ತೆ, ದೂರ ಹೆಚ್ಚಿದಷ್ಟೂ ಆ ಸೆಳೆತ ಬೇಗ ಇಳಿಯುತ್ತೆ ಅಂತ ಅಮೆರಿಕದ ಮಾರುಕಟ್ಟೆ ತಜ್ಞ ವಿಲಿಯಂ ರೈಲಿ 1931ರಲ್ಲಿ ಒಂದು ನಿಯಮ ಕೊಟ್ಟರು. ಅದರಿಂದ ಬಂದ ಸೂತ್ರ ಸುಲಭ. ದೊಡ್ಡ ಊರಿನ ಜನಸಂಖ್ಯೆಯನ್ನು ಚಿಕ್ಕ ಊರಿನದ್ದರಿಂದ ಭಾಗಿಸಿ, ವರ್ಗಮೂಲ ತೆಗೆದು, 1 ಕೂಡಿಸಿ. ಎರಡು ಊರಿನ ನಡುವಿನ ದೂರವನ್ನು ಅದರಿಂದ ಭಾಗಿಸಿ. ಚಿಕ್ಕ ಊರಿನಿಂದ ಎಷ್ಟು ದೂರದವರೆಗಿನ ಜನ ಅಲ್ಲಿಗೇ ಬರುತ್ತಾರೆ ಅನ್ನೋದು ಆ ಉತ್ತರ. 30 ಕಿ.ಮೀ. ದೂರದ ಊರಿನ ಜನಸಂಖ್ಯೆ ನಿಮ್ಮೂರಿನ 4 ಪಟ್ಟು ಇದ್ದರೆ, ಆ ದಾರಿಯಲ್ಲಿ ನಿಮ್ಮೂರಿಂದ 10 ಕಿ.ಮೀ. ಒಳಗಿನ ಹಳ್ಳಿಗಳು ನಿಮ್ಮ ಕಡೆಗೆ. ಅದರಾಚೆಯವರನ್ನು ನಂಬಿ ಮಾಲು ತುಂಬಬೇಡಿ.

ಇದು ಅಂದಾಜು ಅಷ್ಟೇ. ಹಳ್ಳಿಯ ಬಸ್ಸು ಯಾವ ಊರಿಗೆ ಹೋಗುತ್ತೆ, ಸಂತೆ ಯಾವ ದಿನ, ಆಸ್ಪತ್ರೆಗೆ ಜನ ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿ. ಒಂದು ಕೆಲಸಕ್ಕೆ ಬಂದವರು ನಾಲ್ಕು ಕೆಲಸ ಮುಗಿಸಿಕೊಂಡು ಹೋಗುತ್ತಾರೆ, ಅಲ್ವಾ?

ಬಾಡಿಗೆ ಮಾತಾಡುವ ಮುಂಚೆ ಆ ಜಾಗದಲ್ಲಿ ಸಂತೆಯ ದಿನ ಒಮ್ಮೆ, ಬೇರೆ ದಿನ ಒಮ್ಮೆ ನಿಂತು ನೋಡಿ. ಸುಮ್ನೆ ಓಡಾಡುವವರನ್ನಲ್ಲ, ಕೈಯಲ್ಲಿ ಚೀಲ ಹಿಡಿದು ಅಂಗಡಿಯಿಂದ ಹೊರಗೆ ಬರುವವರನ್ನು ಎಣಿಸಿ.