ಸಣ್ಣ ಸಂಸ್ಥೆಗೆ ದುಡ್ಡು ಹೊಂದಿಸುವುದು: ಕಾಗದಪತ್ರದಿಂದ ಕೊನೆಯ ಕಂತಿನವರೆಗೆ

ತಾಲ್ಲೂಕು ಮಟ್ಟದ ಸೇವಾ ಸಂಸ್ಥೆಗಳಲ್ಲಿ ವರ್ಷ ವರ್ಷವೂ ನಡೆಯುವುದು ಹೆಚ್ಚುಕಮ್ಮಿ ಇಷ್ಟೇ: ಜನವರಿಗೆ ಕೈ ಖಾಲಿ, ಫೆಬ್ರವರಿಯಲ್ಲಿ ಒಂದೇ ಪ್ರಪೋಸಲ್ ಐವತ್ತು ಕಂಪನಿಗಳಿಗೆ ಇಮೇಲ್, ಏಪ್ರಿಲ್ ಬಂದರೂ ಒಂದಕ್ಕೂ ಉತ್ತರವಿಲ್ಲ. ಕೆಲಸ ಚೆನ್ನಾಗಿಯೇ ನಡೆಯುತ್ತಿರುತ್ತದೆ, ದುಡ್ಡು ಕೇಳುವ ಕ್ರಮ ತಿರುವುಮುರುವಾಗಿರುತ್ತದೆ. ಮೊದಲು ಕಾಗದಪತ್ರ, ಆಮೇಲೆ ಹತ್ತಿರದ ದಾನಿಗಳು, ಆಮೇಲೆ ಪೂರ್ತಿ ಖರ್ಚಿನ ಬಜೆಟ್, ಅದಾದ ಮೇಲಷ್ಟೇ ಕಂಪನಿ, ಫೌಂಡೇಶನ್. ಗ್ರ್ಯಾಂಟ್‌ನ, ಅಂದರೆ ಕಂಪನಿ, ಫೌಂಡೇಶನ್ ಒಂದು ಯೋಜನೆಗೆಂದು ಕೊಡುವ ಹಣದ, ಪ್ರತಿ ರೂಪಾಯಿಗೂ ಒಂದು ಬಾಬ್ತು ಗೊತ್ತಾಗಿರುತ್ತದೆ. ಪುಸ್ತಕಕ್ಕೆ ಬಂದದ್ದನ್ನು ಸಂಬಳಕ್ಕೆ ಮುಟ್ಟುವ ಹಾಗಿಲ್ಲ. ಊರಿನವರು, ಹಳೆಯ ವಿದ್ಯಾರ್ಥಿಗಳು ಕೊಡುವ ದುಡ್ಡಿಗೆ ಆ ಕಟ್ಟು ಇರುವುದಿಲ್ಲ. ಕಂತು ತಡವಾದ ತಿಂಗಳಲ್ಲಿ ಸಂಬಳ ಆಗುವುದು ಈ ಮುಕ್ತ ಹಣದಿಂದಲೇ.

ಲೆಕ್ಕ ತೋರಿಸಲು ಉದ್ದಕ್ಕೂ ಒಂದೇ ಯೋಜನೆ ಇಟ್ಟುಕೊಳ್ಳೋಣ: ಸರ್ಕಾರಿ ಶಾಲೆಯ ಮಕ್ಕಳಿಗೆ 10 ಹಳ್ಳಿಗಳಲ್ಲಿ ಸಂಜೆ ಕಲಿಕಾ ಕೇಂದ್ರ, ಕೇಂದ್ರಕ್ಕೆ 25 ಮಕ್ಕಳು.

ಕಾಗದಪತ್ರ

ಒಂದು ಫೋಲ್ಡರ್ ಮಾಡಿ, ಎಲ್ಲವನ್ನೂ ಪಿಡಿಎಫ್ ರೂಪದಲ್ಲಿ ಇಡಿ: ನೋಂದಣಿ ಪತ್ರ, ಟ್ರಸ್ಟ್ ಡೀಡ್ ಅಥವಾ ಬೈಲಾ, ಪ್ಯಾನ್, 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ಆದೇಶಗಳು, ದರ್ಪಣ್ ಸಂಖ್ಯೆ (ಸ್ವಯಂಸೇವಾ ಸಂಸ್ಥೆಗಳಿಗೆ ಕೇಂದ್ರ ಸರ್ಕಾರದ ಪೋರ್ಟಲ್ ಕೊಡುವ ಗುರುತು ಸಂಖ್ಯೆ), ಸಿಎಸ್‌ಆರ್-1 ನೋಂದಣಿ ಸಂಖ್ಯೆ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್, ಹಣ ಪಡೆಯಲು ಬೇಕಾದದ್ದು), ಮೂರು ವರ್ಷದ ಆಡಿಟ್ ವರದಿ, ಮೂರು ವರ್ಷದ ರಿಟರ್ನ್ಸ್, ಆಡಳಿತ ಮಂಡಳಿಯ ಪಟ್ಟಿ, ರದ್ದು ಮಾಡಿದ ಚೆಕ್. ಕಂಪನಿಯವರು ಕೇಳಿದ ಅರ್ಧ ಗಂಟೆಯಲ್ಲಿ ಕಳಿಸುವಂತಿರಬೇಕು. ವಾರ ಹಿಡಿದರೆ ಅಷ್ಟರಲ್ಲಿ ಅವರು ಬೇರೊಂದು ಸಂಸ್ಥೆಯ ಜೊತೆ ಮಾತು ಮುಗಿಸಿರುತ್ತಾರೆ.

ಇಲ್ಲಿ ಎಡವುವುದು ಬಹುತೇಕ ಹೆಸರಿನಲ್ಲಿ. ನೋಂದಣಿ ಪತ್ರದಲ್ಲಿ ‘ಸೇವಾ ಸಂಸ್ಥೆ (ರಿ.)’ ಎಂದಿರುತ್ತದೆ, ಪ್ಯಾನ್‌ನಲ್ಲಿ ‘(ರಿ.)’ ಇರುವುದಿಲ್ಲ, ಬ್ಯಾಂಕ್ ಖಾತೆಯಲ್ಲಿ ಮೂರನೆಯ ತರಹದ ಸ್ಪೆಲಿಂಗ್. ಆನ್‌ಲೈನ್ ಪೋರ್ಟಲ್‌ಗಳು ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತವೆ, ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲು ಪ್ಯಾನ್ ತಿದ್ದಿಸಿ, ಆಮೇಲೆ ಬ್ಯಾಂಕ್, ಕೊನೆಗೆ ದರ್ಪಣ್. ಈ ಕ್ರಮ ತಪ್ಪಿದರೆ ಎರಡೆರಡು ಸಲ ತಿದ್ದಿಸಬೇಕಾಗುತ್ತದೆ. ಇನ್ನೊಂದು, ಯಾರೂ ಬಾಯಿಬಿಟ್ಟು ಹೇಳದ ವಿಷಯ: ಗಂಡ, ಹೆಂಡತಿ, ಮೈದುನ ಮೂವರೇ ಟ್ರಸ್ಟಿಗಳಾಗಿದ್ದರೆ ಅನುಭವಿ ದಾನಿ ಆ ಪಟ್ಟಿ ನೋಡಿಯೇ ಫೈಲ್ ಮುಚ್ಚುತ್ತಾನೆ. ಮನೆಯವರಲ್ಲದ ಇಬ್ಬರನ್ನಾದರೂ ಮಂಡಳಿಗೆ ತನ್ನಿ.

12ಎ ಮತ್ತು 80ಜಿ ಹೊಸ ಸಂಸ್ಥೆಗೆ ಮೊದಲು ತಾತ್ಕಾಲಿಕವಾಗಿ 3 ವರ್ಷಕ್ಕೆ ಸಿಗುತ್ತವೆ. ಕೆಲಸ ಶುರುವಾದ 6 ತಿಂಗಳೊಳಗೆ, ಇಲ್ಲವೇ ಅವಧಿ ಮುಗಿಯುವ 6 ತಿಂಗಳ ಮೊದಲು, ಇವೆರಡರಲ್ಲಿ ಯಾವುದು ಮೊದಲೋ ಅಷ್ಟರೊಳಗೆ ಕಾಯಂ ನೋಂದಣಿಗೆ ಅರ್ಜಿ ಹಾಕಬೇಕು. ಮೂರು ವರ್ಷ ಇದೆಯಲ್ಲ ಎಂದು ಕೂತವರೇ ಹೆಚ್ಚು ಸಿಕ್ಕಿಬೀಳುವುದು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿರುವುದರಿಂದ ಕಲಮುಗಳ ಸಂಖ್ಯೆ ಬದಲಾಗಿವೆ. ಜನರ ಬಾಯಲ್ಲಿ ಇನ್ನೂ 12ಎ, 80ಜಿ ಎಂದೇ ಇರುತ್ತವೆ. ಅರ್ಜಿ ತುಂಬುವಾಗ ಮಾತ್ರ ಈಗಿನ ನಮೂನೆ ಯಾವುದೆಂದು ಸಿಎ ಹತ್ತಿರ ಕೇಳಿ.

ಹತ್ತಿರದವರಿಂದ ಶುರು

60 ಜನ ತಿಂಗಳಿಗೆ 500 ರೂ. ಕೊಟ್ಟರೆ ತಿಂಗಳಿಗೆ 30,000, ವರ್ಷಕ್ಕೆ 3.6 ಲಕ್ಷ. ಈ 60 ಜನ ಸಿಗಬೇಕಾದರೆ 300 ಹೆಸರಿನ ಪಟ್ಟಿ ಬೇಕು: ಆ ಹತ್ತು ಹಳ್ಳಿಗಳಿಂದ ಬೆಂಗಳೂರು, ಹುಬ್ಬಳ್ಳಿ, ಪುಣೆಗೆ ಹೋಗಿ ನೆಲೆಸಿದವರು, ನಿವೃತ್ತ ಶಿಕ್ಷಕರು, ಎಪಿಎಂಸಿ ವರ್ತಕರು, ಪತ್ತಿನ ಸಹಕಾರ ಸಂಘದ ನಿರ್ದೇಶಕರು, ಡಾಕ್ಟರು. ಎಲ್ಲರಿಗೂ ಒಂದೇ ಫಾರ್ವರ್ಡ್ ಕಳಿಸಬೇಡಿ. ಹೆಸರು ಹಿಡಿದು ಬರೆಯಿರಿ, ಮಾರನೇ ದಿನ ಫೋನ್ ಮಾಡಿ. ಸಂದೇಶ ಇಷ್ಟು ಸಾಕು:

“ನಮಸ್ಕಾರ ಸರ್. ನೀವು ಓದಿದ ನಮ್ಮೂರ ಶಾಲೆಯ 25 ಮಕ್ಕಳಿಗೆ ದಿನಾ ಸಂಜೆ 5ರಿಂದ 7ರವರೆಗೆ ಕಲಿಕಾ ಕೇಂದ್ರ ನಡೆಸುತ್ತಿದ್ದೇವೆ. ನಾಲ್ಕನೇ ತರಗತಿಯ 9 ಮಕ್ಕಳಿಗೆ ಜೂನ್‌ನಲ್ಲಿ ಒತ್ತಕ್ಷರ ಓದಲು ಬರುತ್ತಿರಲಿಲ್ಲ, ಈಗ 6 ಮಕ್ಕಳು ಓದುತ್ತಾರೆ. ಒಂದು ಮಗುವಿಗೆ ವರ್ಷಕ್ಕೆ 4,480 ರೂ. ಖರ್ಚು. ತಿಂಗಳಿಗೆ 500 ರೂ.ನಂತೆ ಒಂದು ವರ್ಷ ಜೊತೆಯಾಗುತ್ತೀರಾ? ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ.”

‘ನಿಮ್ಮ ಕೈಲಾದಷ್ಟು’ ಎಂದು ಕೇಳಬೇಡಿ. ಮೊತ್ತ ಹೇಳದಿದ್ದರೆ ಜನ ಯೋಚಿಸುತ್ತಾ ಕೂರುತ್ತಾರೆ, ಕೊನೆಗೆ ಮರೆಯುತ್ತಾರೆ. ಕ್ಯೂಆರ್ ಕೋಡ್ ಸಂಸ್ಥೆಯ ಬ್ಯಾಂಕ್ ಖಾತೆಗೇ ಸೇರಬೇಕು. ಕಾರ್ಯದರ್ಶಿಯ ಸ್ವಂತ ಫೋನ್‌ಪೇಗೆ ಬಂದ ಒಂದೇ ಒಂದು ದೇಣಿಗೆ ಆಡಿಟ್‌ನಲ್ಲಿ ವರ್ಷವಿಡೀ ಕಾಡುತ್ತದೆ. ತಿಂಗಳ ಕಂತಿಗೆ ಯುಪಿಐ ಆಟೋಪೇ ಹಾಕಿಸಿ. ಖಾತೆಯಲ್ಲಿ ಹಣ ಇಲ್ಲದೆಯೋ ಆಟೋಪೇ ಅನುಮತಿಯ ಅವಧಿ ಮುಗಿದೋ ಪ್ರತಿ ತಿಂಗಳು ಕೆಲವು ತಪ್ಪಿಯೇ ತಪ್ಪುತ್ತವೆ. 5ನೇ ತಾರೀಕು ಪಟ್ಟಿ ತೆಗೆದು ನೋಡುವ ಕೆಲಸ ಒಬ್ಬರಿಗೆ ವಹಿಸಿ, ಅವರಿಂದಲೇ ಫೋನ್ ಮಾಡಿಸಿ. ನಿಂತುಹೋದದ್ದನ್ನು ಮೂರು ತಿಂಗಳು ಬಿಟ್ಟು ಕೇಳಿದರೆ ಆ ದಾನಿ ಹೋದ ಹಾಗೆಯೇ.

ರಸೀದಿ ಕೊಡುವಾಗಲೇ ಪ್ಯಾನ್ ಬರೆದುಕೊಳ್ಳಿ. ದಾನಿಗಳ ವಾರ್ಷಿಕ ವಿವರವನ್ನು (ಇಷ್ಟು ವರ್ಷ 10ಬಿಡಿ ಎಂದು ಕರೆಯುತ್ತಿದ್ದದ್ದು) ಮೇ 31ರೊಳಗೆ ಆದಾಯ ತೆರಿಗೆ ಪೋರ್ಟಲ್‌ಗೆ ಹಾಕಬೇಕು, ದಾನಿಗೆ ಪ್ರಮಾಣ ಪತ್ರ ಹೊರಡುವುದು ಅಲ್ಲಿಂದಲೇ. ತಡವಾದರೆ ದಿನಕ್ಕೆ 200 ರೂ. ಶುಲ್ಕ. ನಗದಾಗಿ 2,000 ರೂ.ಗಿಂತ ಹೆಚ್ಚು ಕೊಟ್ಟವರಿಗೆ 80ಜಿ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ, ಸಂಬಳದಾರರಲ್ಲಿ ಈಗ ಅಂಥವರು ಬಹಳ. ಹಾಗಾಗಿ ‘ತೆರಿಗೆ ಉಳಿಯುತ್ತೆ ಸರ್’ ಎಂದು ಮಾತು ಶುರು ಮಾಡುವುದು ಈಗ ಕೆಲಸಕ್ಕೆ ಬಾರದು.

ಕಾಣಿಕೆ ಡಬ್ಬಿ ಇಡುವವರು ಇದನ್ನೂ ನೋಡಿಕೊಳ್ಳಿ: ಕೊಟ್ಟವರ ಹೆಸರು, ವಿಳಾಸ ಇಲ್ಲದ ದೇಣಿಗೆ ಒಟ್ಟು ದೇಣಿಗೆಯ ಶೇ. 5 ಅಥವಾ 1 ಲಕ್ಷ ರೂ., ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ದಾಟಿದರೆ, ದಾಟಿದ ಭಾಗಕ್ಕೆ ಶೇ. 30 ತೆರಿಗೆ.

ಬಜೆಟ್: ಬಚ್ಚಿಟ್ಟ ಖರ್ಚು ಕೊನೆಗೆ ನಿಮ್ಮ ತಲೆಗೇ

ಸಣ್ಣ ಸಂಸ್ಥೆಗಳು ಬಜೆಟ್ ಕಡಿಮೆ ತೋರಿಸಿದರೆ ಗ್ರ್ಯಾಂಟ್ ಸಿಗುತ್ತದೆ ಎಂದುಕೊಂಡಿವೆ. ಸಿಗಲೂಬಹುದು. ಆಮೇಲೆ ಲೆಕ್ಕಿಗನ ಸಂಬಳ, ಕಚೇರಿ ಬಾಡಿಗೆ ಯಾರು ಕೊಡಬೇಕು? ನಮ್ಮ ಉದಾಹರಣೆಯನ್ನೇ ಬಿಡಿಸಿ ನೋಡಿ.

ಕೇಂದ್ರಕ್ಕೊಬ್ಬ ಬೋಧಕಿ, ತಿಂಗಳಿಗೆ 5,000 ರೂ., ಜೂನ್‌ನಿಂದ ಮಾರ್ಚ್‌ವರೆಗೆ 10 ತಿಂಗಳು, 10 ಕೇಂದ್ರ: 5,00,000.
ಮೇಲ್ವಿಚಾರಕರು ಒಬ್ಬರು, 22,000 ರೂ., 12 ತಿಂಗಳು: 2,64,000.
ಅವರ ಪೆಟ್ರೋಲ್, ಬಸ್ ಖರ್ಚು, ತಿಂಗಳಿಗೆ 3,000: 36,000.
ಪುಸ್ತಕ, ಕಲಿಕಾ ಸಾಮಗ್ರಿ, ಮಗುವಿಗೆ 600 ರೂ., 250 ಮಕ್ಕಳು: 1,50,000.
ತರಬೇತಿ, 11 ಜನ, 6 ದಿನ, ದಿನಕ್ಕೆ ತಲಾ 500: 33,000.
ಜೂನ್ ಮತ್ತು ಮಾರ್ಚ್‌ನಲ್ಲಿ ಮಕ್ಕಳ ಕಲಿಕೆಯ ಪರೀಕ್ಷೆ, ಮುದ್ರಣ ಸೇರಿ: 27,000.

ಇಲ್ಲಿಗೆ 10,10,000. ಹೆಚ್ಚಿನವರು ಇಲ್ಲೇ ಗೆರೆ ಎಳೆಯುತ್ತಾರೆ. ಲೆಕ್ಕಿಗ ತನ್ನ ಸಮಯದ ಕಾಲು ಭಾಗ ಈ ಯೋಜನೆಗೆ ಕೊಟ್ಟರೆ 20,000 ಸಂಬಳದಲ್ಲಿ ಕಾಲು ಪಾಲು, ವರ್ಷಕ್ಕೆ 60,000. ಬಾಡಿಗೆ, ಕರೆಂಟು, ಇಂಟರ್‌ನೆಟ್ ಸೇರಿ ತಿಂಗಳಿಗೆ 12,000 ಆಗುವುದಾದರೆ ಅದರಲ್ಲೂ ಕಾಲು ಪಾಲು, 36,000. ಆಡಿಟ್ ಶುಲ್ಕದ ಪಾಲು 14,000. ಈ ಮೂರೂ ಸೇರಿ 1,10,000, ಒಟ್ಟು 11,20,000. ಹಂಚಿಕೆಯ ಖರ್ಚು ಶೇ. 10ರ ಒಳಗೇ ಇದೆ, ಮಗುವಿಗೆ ಬೀಳುವುದು 4,480 ರೂಪಾಯಿ. ಕಾಲು ಪಾಲು ಎಂದು ಹೇಗೆ ತೀರ್ಮಾನಿಸಿದಿರಿ ಎಂಬುದನ್ನು ಒಂದು ಸಾಲಿನಲ್ಲಿ ಕೆಳಗೆ ಬರೆಯಿರಿ. ‘ಇತರೆ ಖರ್ಚು’ ಎಂಬ ಸಾಲು ಮಾತ್ರ ಎಲ್ಲಿಯೂ ಬೇಡ, ಮೊದಲು ಕತ್ತರಿ ಬೀಳುವುದೇ ಅದಕ್ಕೆ.

‘ಆಡಳಿತ ವೆಚ್ಚ ಶೇ. 5 ಮಾತ್ರ ಕೊಡುತ್ತೇವೆ, ಕಾನೂನೇ ಹಾಗಿದೆ’ ಎಂದು ಕಂಪನಿಯವರು ಹೇಳುವುದುಂಟು. ಸಿಎಸ್‌ಆರ್ ನಿಯಮದ ಆ ಶೇ. 5 ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ. ಯೋಜನೆಯನ್ನು ರೂಪಿಸಲು, ನಡೆಸಲು, ಉಸ್ತುವಾರಿ ಮಾಡಲು ನೇರವಾಗಿ ತಗಲುವ ಖರ್ಚು ಅದರಲ್ಲಿ ಬರುವುದಿಲ್ಲ. ವಾದ ಮಾಡುತ್ತಾ ಕೂರುವುದಕ್ಕಿಂತ ಮೇಲ್ವಿಚಾರಕರ ಸಂಬಳ, ಪರೀಕ್ಷೆಯ ಖರ್ಚು ಇವನ್ನು ‘ಯೋಜನೆಯ ಉಸ್ತುವಾರಿ’ ಎಂಬ ತಲೆಬರಹದಡಿ ಇಟ್ಟುಬಿಡಿ.

ಕಂತಿನ ಲೆಕ್ಕವನ್ನೂ ಈಗಲೇ ಮಾಡಿ. 40-40-20 ಎಂದು ಒಪ್ಪಂದವಾದರೆ ಕೊನೆಯ ಶೇ. 20, ಅಂದರೆ 2,24,000 ರೂ. ಕೈಸೇರುವುದು ಕೆಲಸ ಮುಗಿದು, ಸಿಎ ಸಹಿ ಮಾಡಿದ ಹಣ ಬಳಕೆ ಪ್ರಮಾಣ ಪತ್ರ ಹೋದ ಮೇಲೆ. ಬೋಧಕಿಯರು ಮತ್ತು ಮೇಲ್ವಿಚಾರಕರ ಸಂಬಳವೇ ತಿಂಗಳಿಗೆ 72,000. ಮೂರು ತಿಂಗಳ ಸಂಬಳ ನಿಮ್ಮ ಕೈಯಿಂದ ಹೋಗಿರಬೇಕು, ಆಮೇಲೆ ಆ ಕಂತು. ಮೇಲೆ ಹೇಳಿದ 60 ಜನರ 500 ರೂಪಾಯಿ ಬೇಕಾಗುವುದು ಇದಕ್ಕೇ.

ಕಂಪನಿ ಹುಡುಕುವುದು

2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಿದ್ದರೂ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಿಎಸ್‌ಆರ್‌ಗೆ ಖರ್ಚು ಮಾಡಲೇಬೇಕು. ಎಲ್ಲರೂ ಇನ್ಫೋಸಿಸ್, ವಿಪ್ರೊ ಬಾಗಿಲಿಗೇ ಹೋಗುತ್ತಾರೆ. ಸಣ್ಣ ಸಂಸ್ಥೆಗೆ ಹೆಚ್ಚು ಫಲ ಸಿಗುವುದು 5 ಕೋಟಿ ಲಾಭದ ಗೆರೆಯನ್ನು ಈಚೆಗೆ ದಾಟಿದ ಕಾರ್ಖಾನೆಗಳಲ್ಲಿ: ಸಕ್ಕರೆ, ಸಿಮೆಂಟು, ಗ್ರಾನೈಟ್, ಸಿದ್ಧ ಉಡುಪು, ಸೋಲಾರ್. ಸಿಎಸ್‌ಆರ್ ಬಾಧ್ಯತೆ 50 ಲಕ್ಷ ರೂ. ಮೀರದಿದ್ದರೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಬೇಕಿಲ್ಲ, ನಿರ್ದೇಶಕ ಮಂಡಳಿಯೇ ತೀರ್ಮಾನಿಸುತ್ತದೆ. ಅಂಥಲ್ಲಿ ಕಾರ್ಖಾನೆಯ ಎಚ್‌ಆರ್ ಮ್ಯಾನೇಜರನ್ನೋ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರನ್ನೋ ಮಾತಾಡಿಸಿದರೆ ವಿಷಯ ನೇರ ಮಾಲೀಕರ ಕಿವಿಗೆ ಬೀಳುತ್ತದೆ. ಯಾವ ಕಂಪನಿ ಯಾವ ಜಿಲ್ಲೆಯಲ್ಲಿ ಯಾವುದಕ್ಕೆ ಎಷ್ಟು ಖರ್ಚು ಮಾಡಿದೆ ಎಂಬುದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಶಿಕ್ಷಣಕ್ಕೆ ಒಂದು ರೂಪಾಯಿಯನ್ನೂ ಕೊಡದ ಕಂಪನಿಗೆ ಕಲಿಕಾ ಕೇಂದ್ರದ ಪ್ರಪೋಸಲ್ ಹಾಕಬೇಡಿ.

ಸಿಎಸ್‌ಆರ್ ಹಣ ಪಡೆಯಲು 12ಎ, 80ಜಿ, ಸಿಎಸ್‌ಆರ್-1 ಮೂರೂ ಇರಬೇಕು, ಜೊತೆಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ. ಕಳೆದ ವರ್ಷವಷ್ಟೇ ಹುಟ್ಟಿದ ಸಂಸ್ಥೆ ಈ ದಾರಿಯನ್ನು ಸದ್ಯಕ್ಕೆ ಬಿಡುವುದು ಒಳ್ಳೆಯದು.

ಕಾಲವೂ ಮುಖ್ಯ. ಮುಂದಿನ ವರ್ಷದ ಹಣಕ್ಕೆ ನವೆಂಬರ್‌ನಿಂದ ಜನವರಿಯೊಳಗೆ ಎರಡು ಪುಟದ ಕಾನ್ಸೆಪ್ಟ್ ನೋಟ್ (ಯೋಜನೆಯ ಸಂಕ್ಷಿಪ್ತ ಟಿಪ್ಪಣಿ) ತಲುಪಿರಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಂಪನಿಗಳ ಹತ್ತಿರ ಉಳಿಯುವುದು ಚಿಲ್ಲರೆ, ಅದೂ ಬೇಗ ಖರ್ಚಾಗಬೇಕು. ಆಗ ವರ್ಷದ ಯೋಜನೆ ತೋರಿಸಿ ಲಾಭವಿಲ್ಲ. ಮೂರು ವಾರದಲ್ಲಿ ಮುಗಿಯುವ ಖರೀದಿಯ ಪಟ್ಟಿಯೊಂದನ್ನು (ಗ್ರಂಥಾಲಯದ ಕಪಾಟು, ಬೆಂಚು, ನೀರಿನ ಫಿಲ್ಟರ್) ಮೂರು ಕೊಟೇಶನ್ ಸಮೇತ ಸಿದ್ಧ ಇಟ್ಟುಕೊಳ್ಳಿ. ಇನ್ನೊಂದು ಎಚ್ಚರಿಕೆ: ಸಂಸ್ಥೆ ತನ್ನ ಆದಾಯದ ಶೇ. 85ನ್ನು ಅದೇ ವರ್ಷ ಉದ್ದೇಶಕ್ಕೆ ಬಳಸಬೇಕು. ಮಾರ್ಚ್ 28ಕ್ಕೆ ದೊಡ್ಡ ಕಂತು ಬಂದರೆ ಆ ಲೆಕ್ಕ ಕೆಡುತ್ತದೆ. ಹಣವನ್ನು ಮುಂದಿನ ವರ್ಷ ಬಳಸುವುದಾಗಿ ತಿಳಿಸುವ ನಮೂನೆಯನ್ನು ಸಿಎ ಮೂಲಕ ಗಡುವಿನೊಳಗೆ ಹಾಕಿಸಿ, ಇಲ್ಲದಿದ್ದರೆ ದಾನದ ದುಡ್ಡಿಗೂ ತೆರಿಗೆ ಬೀಳುತ್ತದೆ.

ಕಾನ್ಸೆಪ್ಟ್ ನೋಟ್‌ನ ಮೊದಲ ಪ್ಯಾರಾದಲ್ಲೇ ಓದುಗ ಉಳಿಯುತ್ತಾನೋ ಹೋಗುತ್ತಾನೋ ತೀರ್ಮಾನವಾಗುತ್ತದೆ. ‘ಶಿಕ್ಷಣವು ದೇಶದ ಬೆನ್ನೆಲುಬು, ಗ್ರಾಮೀಣ ಮಕ್ಕಳ ಸರ್ವಾಂಗೀಣ ಅಭಿವೃದ್ಧಿಗಾಗಿ’ ಎಂದು ಶುರುವಾದ ಪತ್ರಗಳು ಅವರ ಮೇಜಿನ ಮೇಲೆ ಆಗಲೇ ನೂರು ಬಿದ್ದಿವೆ. ಬದಲಿಗೆ: ‘ಈ 10 ಹಳ್ಳಿಗಳ 3ರಿಂದ 5ನೇ ತರಗತಿಯ 250 ಮಕ್ಕಳಲ್ಲಿ ಎಷ್ಟು ಮಂದಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂಬುದನ್ನು ಜೂನ್‌ನಲ್ಲಿ ಒಬ್ಬೊಬ್ಬರನ್ನೂ ಕೂರಿಸಿ ಪರೀಕ್ಷಿಸಿದ್ದೇವೆ, ಹಳ್ಳಿವಾರು ಪಟ್ಟಿ ಕೆಳಗಿದೆ. 10 ತಿಂಗಳು, 11,20,000 ರೂ.; ಮಾರ್ಚ್‌ನಲ್ಲಿ ಅದೇ ಪರೀಕ್ಷೆ ಮತ್ತೆ.’ ನಿಮ್ಮ ಪರೀಕ್ಷೆಯ ಸಂಖ್ಯೆ ಸಣ್ಣದಿದ್ದರೂ ಅದನ್ನೇ ಹಾಕಿ. ದೇಶದ ಅಂಕಿಅಂಶ ಅವರಿಗೆ ಗೊತ್ತಿರುತ್ತದೆ.

ಒಪ್ಪಂದ ಪತ್ರಕ್ಕೆ ಸಹಿ ಹಾಕುವ ಮುಂಚೆ ನಾಲ್ಕು ಕಡೆ ಬೆರಳಿಟ್ಟು ಓದಿ: ಕಂತಿನ ದಿನಾಂಕ; ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಶೇ. 10ರಷ್ಟು ಹಣ ಬದಲಿಸಲು ಅನುಮತಿ. ಕೊಂಡ ಸಾಮಾನು ಯಾರ ಹೆಸರಿನಲ್ಲಿ. ನಡುವೆ ನಿಲ್ಲಿಸಿದರೆ ಎಷ್ಟು ದಿನದ ನೋಟಿಸ್. ಕೊನೆಯದು ಇಲ್ಲದಿದ್ದರೆ ಕನಿಷ್ಠ 60 ದಿನ ಎಂದು ಸೇರಿಸಲು ಕೇಳಿ, ಬೋಧಕಿಯರಿಗೆ ನೀವೂ ಅಷ್ಟು ಮುಂಚೆ ಹೇಳಬೇಕಲ್ಲ.

ಹೊರದೇಶದ ಹಣ

ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ವಿದೇಶಿ ಮೂಲದ ಒಂದು ಡಾಲರ್ ಕೂಡ ಮುಟ್ಟಬೇಡಿ. ನೋಂದಣಿಗೆ ಸಂಸ್ಥೆ ಹುಟ್ಟಿ 3 ವರ್ಷ ಆಗಿರಬೇಕು, ಕಳೆದ ಮೂರು ವರ್ಷದಲ್ಲಿ 15 ಲಕ್ಷ ರೂ. ಖರ್ಚು ಮಾಡಿರಬೇಕು. ಹಣ ಬಂದು ಬೀಳಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಆಡಳಿತ ವೆಚ್ಚಕ್ಕೆ ಮಿತಿ ಶೇ. 20, ಬೇರೆ ಸಂಸ್ಥೆಗೆ ಹಂಚುವ ಹಾಗಿಲ್ಲ.

ಅಮೆರಿಕದ, ಕೊಲ್ಲಿ ನಾಡಿನ ಕನ್ನಡಿಗರ ದೇಣಿಗೆಯಲ್ಲಿ ಎಡವುವುದು ಪಾಸ್‌ಪೋರ್ಟ್ ವಿಷಯದಲ್ಲಿ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಪಡೆದು ರಸೀದಿಗೆ ಲಗತ್ತಿಸಿ. ಅದೇ ಓಣಿಯಲ್ಲಿ ಬೆಳೆದವರೇ ಆಗಲಿ, ಅಮೆರಿಕದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿದ್ದರೆ ಅವರು ಕೊಟ್ಟದ್ದು ವಿದೇಶಿ ದೇಣಿಗೆಯೇ, ಬೆಂಗಳೂರಿನ ಖಾತೆಯಿಂದ ರೂಪಾಯಿಯಲ್ಲಿ ಕೊಟ್ಟರೂ ಸಹ. ಕೇಳಲು ಮುಜುಗರ ಎಂದು ಬಿಡಬೇಡಿ, ಹಣ ಬರುವ ಮೊದಲೇ ಕೇಳಿ.

ಹಣ ಬಂದ ಮೇಲೆ

ಗ್ರ್ಯಾಂಟ್‌ಗೊಂದು ಪ್ರತ್ಯೇಕ ಲೆಡ್ಜರ್ ತೆಗೆಯಿರಿ, ಪ್ರತಿ ವೋಚರ್ ಮೇಲೆ ಯೋಜನೆಯ ಹೆಸರಿನ ಮುದ್ರೆ ಒತ್ತಿ. ಒಂದೇ ಬಿಲ್ ಅನ್ನು ಇಬ್ಬರು ದಾನಿಗಳಿಗೆ ತೋರಿಸುವುದು ಹೆಚ್ಚಾಗಿ ಬೇಕೆಂದು ಮಾಡಿದ್ದಲ್ಲ, ಮುದ್ರೆ ಇಲ್ಲದೆ ಆದದ್ದು; ಸಿಕ್ಕಿಬಿದ್ದರೆ ಮಾತ್ರ ಮೋಸ ಎಂದೇ ಲೆಕ್ಕ. ಮೂರು ತಿಂಗಳ ವರದಿ ಎರಡು ಪುಟ ಮೀರಬಾರದು: ಬಜೆಟ್ ಮತ್ತು ಖರ್ಚು ಪಕ್ಕಪಕ್ಕದಲ್ಲಿ, ಹಾಜರಾತಿ, ಮುಚ್ಚಿದ ಕೇಂದ್ರಗಳಿದ್ದರೆ ಅವುಗಳ ಹೆಸರು ಮತ್ತು ಕಾರಣ. ಬೋಧಕಿ ಮದುವೆಯಾಗಿ ಊರು ಬಿಟ್ಟು ಒಂದು ಕೇಂದ್ರ ಆರು ವಾರ ನಿಂತಿದ್ದರೆ ಹಾಗೆಯೇ ಬರೆಯಿರಿ, ಕಂಪನಿಯವರು ಭೇಟಿಗೆ ಬಂದ ದಿನ ಬೀಗ ಕಂಡರೆ ಹೇಳಲು ಏನೂ ಉಳಿಯುವುದಿಲ್ಲ. ಮುಂದಿನ ವರ್ಷದ ಮಾತನ್ನು ಕೊನೆಯ ಕಂತಿಗೆ ಕಾಯದೆ ನವೆಂಬರ್‌ನ ವರದಿಯ ಜೊತೆಯಲ್ಲೇ ಎತ್ತಿ. ಒಲ್ಲೆ ಎಂದರೆ ಕಾರಣ ಕೇಳಿ, ಹಾಳೆಯಲ್ಲಿ ಬರೆದಿಟ್ಟು, ಅದೇ ವಾರ ಪಟ್ಟಿಯಲ್ಲಿರುವ ಮುಂದಿನ ಕಾರ್ಖಾನೆಗೆ ಫೋನ್ ಮಾಡಿ.